ಹೊಸ ಚೈನು ಜಾರುತ್ತಿದ್ದರೆ ಕೊಂಡಿ ತೆಗೆಸಬೇಡಿ

ಸರ್, ಕೊಂಡಿ ತೆಗೆಸೋಕೆ ಹೋಗುವ ಮೊದಲು ಇದನ್ನು ಓದಿ. ಗೇರ್ ಸೈಕಲ್ಲಿಗೆ ಹೊಸ ಚೈನು ಹಾಕಿಸಿ ಮೂರು ದಿನ ಆಯಿತು, ಜೋರಾಗಿ ತುಳಿದರೆ ಕಟಕ್ ಅಂತ ಜಾರುತ್ತೆ, ಶಾಪಿನವರು "ಉದ್ದ ಜಾಸ್ತಿ, ಎರಡು ಕೊಂಡಿ ತೆಗೆಯೋಣ" ಅಂದರು ಅಂತ ಬರೆದಿದ್ದೀರಿ. ಇದೇ ಮಾತು ಕೇಳಿ ನಾನೂ ಕೆಟ್ಟಿದ್ದೆ.

ನನ್ನದೂ ಮುಂದೆ ಮೂರು, ಹಿಂದೆ ಏಳು ಗೇರಿನ ಸೈಕಲ್ಲು. ಕುವೆಂಪುನಗರದಿಂದ ಮೇಟಗಳ್ಳಿಗೆ ದಿನಾ ಓಡಾಟ. ಹೊಸ ಚೈನು, ಹಳೇ ಫ್ರೀವೀಲು (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು). ಸಿಗ್ನಲ್ ಬಿಟ್ಟಿತು ಅಂತ ಸೀಟಿನಿಂದ ಎದ್ದು ತುಳಿದೆ. ಚೈನು ಜಾರಿ ಮೊಣಕಾಲು ಹೋಗಿ ಹ್ಯಾಂಡಲ್‌ಗೆ ಬಡಿಯಿತು, ಊಟದ ಡಬ್ಬಿ ರಸ್ತೆ ಪಾಲು, ಹಿಂದೆ ಸಿಟಿ ಬಸ್ಸಿನ ಹಾರನ್ನು. ಸಂಜೆಯೇ ಎರಡು ಕೊಂಡಿ ತೆಗೆಸಿದೆ. ಜಾರುವುದು ನಿಲ್ಲಲಿಲ್ಲ. ಮಾರನೇ ವಾರ ಗಮನ ಇಲ್ಲದೆ ಮುಂದೂ ದೊಡ್ಡ ಹಲ್ಲುಚಕ್ರ, ಹಿಂದೂ ದೊಡ್ಡದು ಹಾಕಿಬಿಟ್ಟೆ. ಚೈನು ಸಾಲದೆ, ಗೇರು ಬದಲಿಸುವ ಡಿರೇಲರನ್ನೇ ಎಳೆದುಕೊಂಡು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗಿತು. ಅಗ್ಗದ ರಿಪೇರಿ ಅಂತ ಹೋಗಿ ಡಿರೇಲರ್ ಕಳೆದುಕೊಂಡೆ.

ಚೈನು ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಒಳಗಿನ ಪಿನ್ನುಗಳು ಸವೆದು ಕೊಂಡಿಯಿಂದ ಕೊಂಡಿಗೆ ಅಂತರ ಬೆಳೆಯುತ್ತದೆ. ಫ್ರೀವೀಲ್ ಹಲ್ಲೂ ಅದರ ಜೊತೆಗೇ ಸವೆದಿರುತ್ತದೆ. ಅದರ ಮೇಲೆ ಹೊಸ ಚೈನು ಹಾಕಿದರೆ ಬುಡಕ್ಕೆ ಕೂರದೆ ಹಲ್ಲು ಹತ್ತಿ ಹಾರುತ್ತೆ. ದಿನಾ ಬಳಸುವ ಒಂದೆರಡು ಗೇರಿನಲ್ಲಿ ಮಾತ್ರ ಜಾರಿ, ಅಪರೂಪಕ್ಕೆ ಹಾಕುವುದರಲ್ಲಿ ಸರಿಯಾಗಿದ್ದರೆ ಬೇರೆ ಸಾಕ್ಷಿ ಬೇಡ, ಫ್ರೀವೀಲ್ ಮುಗಿದಿದೆ. ಎಲ್ಲಾ ಗೇರಿನಲ್ಲೂ ಜಾರಿದರೆ ಬಿಗಿಯಾದ ಕೊಂಡಿ ಇದೆಯಾ, ಕೇಬಲ್ ಸಡಿಲವಾ ನೋಡಿ. ಸವೆದ ಹಲ್ಲು ಕುಡುಗೋಲಿನ ಹಲ್ಲಿನ ಹಾಗೆ ಒಂದೇ ಕಡೆ ವಾಲಿರುತ್ತದೆ. ಆದರೆ ಗೇರು ಸಲೀಸಾಗಿ ಬೀಳಲಿ ಅಂತ ಹೊಸದರಲ್ಲೂ ಕೆಲವು ಹಲ್ಲನ್ನು ಗಿಡ್ಡ ಮಾಡಿರುತ್ತಾರೆ, ಅದನ್ನು ನೋಡಿ ಗಾಬರಿ ಬೇಡ.

ಒಂದು ಸ್ಟೀಲ್ ಸ್ಕೇಲು ಇಟ್ಟುಕೊಳ್ಳಿ. ನಾನು ತಿಂಗಳಿಗೊಮ್ಮೆ ಅಳೆಯುತ್ತೇನೆ, ಮನೆಯವರು ನಗುತ್ತಾರೆ. ಚೈನನ್ನು ಬಿಗಿ ಹಿಡಿದು ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಡಿ. ಹೊಸದಾದರೆ, ಆ ಪಿನ್ನು ಬಿಟ್ಟು ಎಣಿಸಿದಾಗ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. 12 ಇಂಚಿನಿಂದ ಒಂದೂವರೆ ಮಿಲಿಮೀಟರ್ ಆಚೆ ದಾಟಿತಾ, ಚೈನು ಬದಲಾಯಿಸಿ, ಫ್ರೀವೀಲ್ ಉಳಿಯುತ್ತೆ. 3 ಮಿಲಿಮೀಟರ್ ಆಗುವವರೆಗೂ ಬಿಟ್ಟರೆ ಎರಡಕ್ಕೂ ದುಡ್ಡು ಎಣಿಸಿ. ಬೆರಳಲ್ಲಿ ಎತ್ತಿ ನೋಡಿ "ಇನ್ನೂ ಚೆನ್ನಾಗಿದೆ" ಅನ್ನುವವರ ಮಾತು ಕೇಳಬೇಡಿ.

ಫ್ರೀವೀಲ್ ತೆಗೆಯುವುದು ಸುತ್ತಿಗೆ ಉಳಿ ಕೆಲಸ ಅಲ್ಲ. ಅದು ತುಳಿದಷ್ಟೂ ಬಿಗಿಯಾಗುವ ವಸ್ತು. ಫ್ರೀವೀಲ್ ಬಿಚ್ಚುವ ಸರಿಯಾದ ಓಪನರ್ ಕೂರಿಸಿ, ಜಾರದ ಹಾಗೆ ಆಕ್ಸಲ್ ನಟ್ಟನ್ನು ಅದರ ಮೇಲೆ ಹಾಕಿ, ಓಪನರನ್ನು ಮೇಜಿಗೆ ಬಿಗಿದ ವೈಸಿನಲ್ಲಿ ಕಚ್ಚಿಸಿ, ಚಕ್ರವನ್ನೇ ಎಡಕ್ಕೆ ತಿರುಗಿಸಿ. ಸ್ವಲ್ಪ ಬಿಟ್ಟ ತಕ್ಷಣ ನಟ್ಟು ಸಡಿಲಿಸಿ. ಹೊಸದು ಹಾಕುವಾಗ ಥ್ರೆಡ್ಡಿಗೆ ಗ್ರೀಸು ಮರೆತರೆ ಮುಂದಿನ ಸಲ ನನ್ನನ್ನೇ ಬೈಯ್ಯುತ್ತೀರಿ.

ಚೈನು ಕೆಎಂಸಿ ಕಂಪನಿಯದು ಸಾಕು. ಫ್ರೀವೀಲ್ ಶಿಮಾನೊ ಸಿಕ್ಕರೆ ಬಿಡಬೇಡಿ. ಹಿಂದೆ ಏಳು ಗೇರಿನ ಸೈಕಲ್ಲಿಗೆ ಒಂಬತ್ತು ಗೇರಿನ ಚೈನು ಯಾಕೆ ಸ್ವಾಮಿ, ಸುಮ್ನೆ ದಂಡ.

ಎಣ್ಣೆ ವಿಷಯ. ಡಬ್ಲ್ಯುಡಿ-40 ಸ್ಪ್ರೇ ತುಕ್ಕು ಬಿಡಿಸೋಕೆ, ನೀರು ಓಡಿಸೋಕೆ ಸರಿ, ಚೈನಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಮಂಡ್ಯದಲ್ಲಿದ್ದಾಗ ಅದನ್ನೇ ಸುರಿದಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಕೂತು ಒಂದೇ ವಾರಕ್ಕೆ ಕಪ್ಪು ಪೇಸ್ಟು. ಒಂದೊಂದು ರೋಲರಿಗೆ ಒಂದೊಂದು ಹನಿ, ಪೆಡಲ್ ಹಿಂದಕ್ಕೆ ತಿರುಗಿಸಿ ಹತ್ತು ನಿಮಿಷ ಬಿಟ್ಟು, ಹೊರಗಿನದೆಲ್ಲಾ ಹಳೇ ಬನಿಯನ್ನಿನಿಂದ ಒರೆಸಿ. ಎಣ್ಣೆ ಕೆಲಸ ಮಾಡುವುದು ಒಳಗೆ, ಹೊರಗೆ ಮಿಂಚುವುದಕ್ಕಲ್ಲ.

ಹಿಂದಿನ ಹಲ್ಲುಗಳ ಫೋಟೋ ಹತ್ತಿರದಿಂದ ತೆಗೆದು ಹಾಕಿ ಸರ್. ಮೊದಲು ಒರೆಸಿ ತೆಗೆಯಿರಿ, ಹೋದ ಸಲದ್ದರಲ್ಲಿ ಬರೀ ಮಸಿ ಕಾಣುತ್ತಿತ್ತು.