ಅಮೆರಿಕದ ಉಪನಗರಗಳ ಶಾಪಿಂಗ್ ಸೆಂಟರ್ ಥಿಯೇಟರ್‌ಗಳು ಮೊದಲು ಗೆದ್ದು ಆಮೇಲೆ ಸೋತಿದ್ದೇಕೆ?
ಗೆದ್ದಿದ್ದು ಮುಖ್ಯವಾಗಿ ಪಾರ್ಕಿಂಗ್‌ನಿಂದ. ಎರಡನೇ ಮಹಾಯುದ್ಧದ ನಂತರ ಜನ ಉಪನಗರ ಸೇರಿದರು. ಪೇಟೆಯ ಹಳೇ ಟಾಕೀಸುಗಳ ಹತ್ತಿರ ಕಾರು ನಿಲ್ಲಿಸಲು ಜಾಗವಿರಲಿಲ್ಲ. 1963ರಲ್ಲಿ ಥಿಯೇಟರ್ ಮಾಲೀಕ ಸ್ಟ್ಯಾನ್ಲಿ ಡರ್ವುಡ್ ಕಾನ್ಸಾಸ್ ಸಿಟಿಯ ವಾರ್ಡ್ ಪಾರ್ಕ್‌ವೇ ಶಾಪಿಂಗ್ ಸೆಂಟರ್‌ನಲ್ಲಿ ಎರಡು ಪರದೆಯ ಥಿಯೇಟರ್ ತೆರೆದರು. ಪಾಪ್‌ಕಾರ್ನ್ ಕೌಂಟರ್ ಒಂದೇ, ಕಲೆಕ್ಷನ್ ಮಾತ್ರ ಎರಡು ಸಿನಿಮಾದ್ದು!

ಎಲ್ಲರೂ ಇದನ್ನೇ ಹಿಡಿದರು. ಇದ್ದ ಹಾಲಿಗೇ ನಡುವೆ ತೆಳು ಗೋಡೆ ಎಬ್ಬಿಸಿದವರೂ ಉಂಟು. ಇಲ್ಲಿ ಪ್ರೇಮ ನಿವೇದನೆ ನಡೆಯುವಾಗ ಪಕ್ಕದ ಹಾಲಿನ ಗುಂಡಿನ ಸದ್ದು ಕೇಳುತ್ತಿತ್ತು. 1995ರಲ್ಲಿ ಡರ್ವುಡ್‌ರ ಥಿಯೇಟರ್ ಕಂಪನಿ ಎಎಂಸಿಯೇ ಡಲ್ಲಾಸ್‌ನಲ್ಲಿ 24 ಪರದೆಗಳ ‘ಗ್ರ್ಯಾಂಡ್’ ಕಟ್ಟಿತು. ಅಲ್ಲಿ ಮುಂದಿನವರ ತಲೆ ಅಡ್ಡ ಬರದ ಮೆಟ್ಟಿಲು ಸೀಟುಗಳು. ಚಿಕ್ಕ ಥಿಯೇಟರ್‌ಗಳಿಗೆ ಪ್ರೇಕ್ಷಕರು ತಪ್ಪಿದರೂ ಬಾಡಿಗೆ ಕರಾರು ತಪ್ಪಲಿಲ್ಲ. 2000ದಲ್ಲಿ ಶಾಪಿಂಗ್ ಸೆಂಟರ್ ಥಿಯೇಟರ್‌ಗಳ ದೊಡ್ಡ ಕಂಪನಿ ಜನರಲ್ ಸಿನಿಮಾ ದಿವಾಳಿ ಅರ್ಜಿ ಹಾಕಿತು. ಆ ‘ಗ್ರ್ಯಾಂಡ್’ ಅನ್ನೂ ಎಎಂಸಿ 2010ರಲ್ಲಿ ಮುಚ್ಚಿತು.