ಸೆಮಿಫೈನಲ್‌ನಲ್ಲಿ ಹೊರಬಿದ್ದ ಲುವಾನ್ ಗೆದ್ದಿದ್ದು ಹೇಗೆ?

ಪ್ರಶ್ನೆ: ದೇಶ ದೇಶಗಳ ನಡುವಿನ ಹಾಡಿನ ಸ್ಪರ್ಧೆ ಯೂರೋವಿಷನ್‌ನಲ್ಲಿ, 2025ರಲ್ಲಿ, ಫ್ರಾನ್ಸ್ ಪರವಾಗಿ ಲುವಾನ್ ಹಾಡಿದ್ದನ್ನು ಕೇಳಿದೆ, ತುಂಬಾ ಹಿಡಿಸಿತು. ಅವರು ಟಿವಿ ಸ್ಪರ್ಧೆಯಿಂದ ಬಂದವರಂತೆ, ಆದರೆ ಅದರಲ್ಲಿ ಗೆದ್ದಿರಲಿಲ್ಲವಂತೆ. ಗೆಲ್ಲದೆ ಇಷ್ಟು ಹೆಸರು ಮಾಡಿದ್ದು ಹೇಗೆ? ನನ್ನ ಮಗಳಿಗೂ ರಿಯಾಲಿಟಿ ಶೋ ಹುಚ್ಚು, ಅದಕ್ಕೇ ಕೇಳುತ್ತಿದ್ದೇನೆ. — ಓದುಗರೊಬ್ಬರು, ಮೈಸೂರು

ಉತ್ತರ: ನೀವು ಕೇಳಿದ್ದು ನಿಜ. 2013ರಲ್ಲಿ ಫ್ರಾನ್ಸ್‌ನ ‘ದಿ ವಾಯ್ಸ್’ ಶೋನ ಎರಡನೇ ಸೀಸನ್‌ಗೆ ಬಂದಾಗ ಲುವಾನ್‌ಗೆ 16 ವರ್ಷ. ಹಿಂದೆ ಕಲ್ಲಿದ್ದಲು ಗಣಿಗಳನ್ನೇ ನಂಬಿಕೊಂಡಿದ್ದ ಉತ್ತರ ಫ್ರಾನ್ಸ್‌ನ ಹುಡುಗಿ. ಈ ಶೋನ ಮೊದಲ ಸುತ್ತಿನಲ್ಲಿ ತೀರ್ಪುಗಾರರು ಬೆನ್ನು ಹಾಕಿ ಕೂತಿರುತ್ತಾರೆ. ದನಿ ಹಿಡಿಸಿದರಷ್ಟೇ ಕುರ್ಚಿ ತಿರುಗುತ್ತದೆ. ಇಂಥ ಕಡೆ ಎಲ್ಲರೂ ಜೋರಾಗಿ, ಮೇಲಿನ ಸ್ವರಕ್ಕೆ ಹೋಗಿ ಹಾಡಲು ನೋಡುತ್ತಾರೆ, ಅಲ್ವಾ? ಲುವಾನ್ ಆರಿಸಿಕೊಂಡಿದ್ದು ಫ್ರೆಂಚ್ ಗಾಯಕ ವಿಲಿಯಂ ಶೆಲರ್ ಅವರ ನಿಧಾನದ, ಮೆಲುದನಿಯ ಒಂದು ಹಾಡು. ಆ ಆಯ್ಕೆಯೇ ಅವರ ಜಾಣತನ ಅಂತ ನನಗನಿಸುತ್ತದೆ. ತೀರ್ಪುಗಾರರಲ್ಲೊಬ್ಬರಾದ ಲೂಯಿ ಬೆರ್ತಿನ್ಯಾಕ್ ಅವರ ತಂಡ ಸೇರಿ ಸೆಮಿಫೈನಲ್‌ವರೆಗೆ ಬಂದರು, ಅಲ್ಲಿಗೆ ಆಟ ಮುಗಿಯಿತು. ಆ ವರ್ಷ ಗೆದ್ದವರು ಯೋಆನ್ ಫ್ರೆಜೆ.

ಆದರೆ ನಿರ್ದೇಶಕ ಎರಿಕ್ ಲಾರ್ತಿಗೋ ಆಕೆಯನ್ನು ಗಮನಿಸಿದ್ದು ಈ ಶೋನಲ್ಲೇ. ಕಿವುಡ ತಂದೆ ತಾಯಿಗೆ ಹುಟ್ಟಿದ, ಹಾಡೋಕೆ ಆಸೆಪಡುವ ರೈತರ ಮನೆಯ ಹುಡುಗಿಯ ಕಥೆಗೆ ಅವರು ಆಕೆಯನ್ನು ಆರಿಸಿದರು. ಲುವಾನ್‌ಗೆ ನಟನೆಯ ಅನುಭವ ಇರಲಿಲ್ಲ. ಪಾತ್ರಕ್ಕಾಗಿ ಸನ್ನೆ ಭಾಷೆ ಕಲಿತರು. ‘ಲಾ ಫಾಮಿಯ್ ಬೆಲಿಯೆ’ 2014ರ ಡಿಸೆಂಬರ್‌ನಲ್ಲಿ ಬಂತು. ಫ್ರಾನ್ಸ್‌ನಲ್ಲೇ 70 ಲಕ್ಷಕ್ಕೂ ಜಾಸ್ತಿ ಟಿಕೆಟ್ ಮಾರಾಟವಾದವು. 2015ರಲ್ಲಿ ಭರವಸೆಯ ಹೊಸ ನಟಿಗೆ ಕೊಡುವ, ಫ್ರಾನ್ಸ್‌ನ ದೊಡ್ಡ ಸಿನಿಮಾ ಗೌರವವಾದ ಸೀಸರ್ ಪ್ರಶಸ್ತಿ ಅವರಿಗೆ ಬಂತು. ಈ ಕಥೆಯನ್ನೇ ಅಮೆರಿಕದವರು ‘ಕೋಡಾ’ ಅಂತ ಮತ್ತೆ ತೆಗೆದರು, ಅದಕ್ಕೆ ಆಸ್ಕರ್ ಸಿಕ್ಕಿತು.

ಸಿನಿಮಾ ಇನ್ನೂ ಜನರ ಬಾಯಲ್ಲಿ ಇರುವಾಗಲೇ, 2015ರ ಮಾರ್ಚ್‌ನಲ್ಲಿ, ಮೊದಲ ಆಲ್ಬಂ ‘ಶಾಂಬ್ರ್ ದೂಜ್’ ಹೊರಬಂತು. ಆ ವರ್ಷ ಫ್ರಾನ್ಸ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಅದೂ ಒಂದು. ಅಲ್ಲಿನ ಕಾನೂನೂ ಇಂಥವರಿಗೆ ಅನುಕೂಲವಾಗಿದೆ. ರೇಡಿಯೋಗಳು ಹಾಕುವ ಹಾಡುಗಳಲ್ಲಿ ಫ್ರೆಂಚ್ ಹಾಡುಗಳಿಗೂ, ಹೊಸಬರಿಗೂ ಇಂತಿಷ್ಟು ಪಾಲು ಇರಲೇಬೇಕು ಅನ್ನುವ ನಿಯಮ 1990ರ ದಶಕದಿಂದ ಇದೆ. ಶೋ ಮುಗಿದ ಮೇಲೂ ದನಿ ಜನರ ಕಿವಿಗೆ ಬೀಳಬೇಕಾದರೆ ಇಂಥ ಆಸರೆ ಬೇಕು.

ಇಷ್ಟರ ನಡುವೆ ಮನೆಯಲ್ಲಿ ಆಗಿದ್ದು ಬೇರೆ. 2013ರಲ್ಲಿ ತಂದೆ ತೀರಿಹೋದರು, ಮರುವರ್ಷ ತಾಯಿ. ಮೊದಲ ಆಲ್ಬಂನಲ್ಲೇ ‘ಮಾಮಾಂ’, ಅಂದರೆ ಅಮ್ಮ, ಎಂಬ ಹಾಡಿದೆ. ಹತ್ತು ವರ್ಷದ ಮೇಲೆ ಅದೇ ಹೆಸರಿನಲ್ಲಿ ಇನ್ನೊಂದು ಹಾಡನ್ನು ಸಂಗೀತಗಾರ ಟ್ರಿಸ್ಟಾನ್ ಸಾಲ್ವಾತಿ ಜೊತೆ ಸೇರಿ ಬರೆದರು. ನೀವು ಕೇಳಿದ್ದು ಅದನ್ನೇ. ಈಗ ಹಾಡುತ್ತಿರುವವಳು ತಾನೂ ತಾಯಿಯಾದವಳು. ಯೂರೋವಿಷನ್ ನಡೆದ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನ ವೇದಿಕೆಯಲ್ಲಿ, ಮೇಲಿಂದ ಮರಳು ಸುರಿಯುವಾಗ ಹಾಡಿ ಏಳನೇ ಸ್ಥಾನ ಪಡೆದರು. ಟಿವಿ ಸ್ಪರ್ಧೆ ಹಾಡಲು ಅವಕಾಶ ಕೊಟ್ಟೀತು, ಆದರೆ ಹೇಳಿಕೊಳ್ಳಲು ಒಂದು ಬದುಕನ್ನು ಕೊಡಲಾರದು. ಲುವಾನ್ ಬೆಳೆದಿದ್ದಕ್ಕೆ ನಾನು ಕೊಡುವ ಮುಖ್ಯ ಕಾರಣ ಇದು.

ಮಗಳು ಆಡಿಷನ್‌ಗೆ ಹೋಗಲಿ, ಸುಮ್ನೆ ತಡೆಯಬೇಡಿ. ಆಯ್ಕೆಯಾದರೆ ಮಾತ್ರ ಸಹಿ ಹಾಕುವ ಮುಂಚೆ ಕರಾರನ್ನು ನೀವೇ ಕೂತು ಓದಿ. ಶೋ ಮುಗಿದ ಮೇಲೆ ಎಷ್ಟು ಕಾಲ ಬೇರೆ ಕಡೆ ಹಾಡುವ ಹಾಗಿಲ್ಲ, ರೆಕಾರ್ಡಿಂಗ್ ಹಕ್ಕು ಯಾರ ಪಾಲು, ಅವಳೇ ಬರೆದ ಹಾಡು ಯಾರದಾಗುತ್ತದೆ — ಈ ಮೂರನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.