ನಾಲ್ವರ ಆಲ್ಬಂ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಚಿಂತಾಮಣಿಯವನು. ಕರ್ನಾಟಕ ಸಂಗೀತ ಅಂದ್ರೆ ಪ್ರಾಣ. ಗುರುಪೂರ್ಣಿಮೆಗೆ ಕೈವಾರದಲ್ಲಿ ನಡೆಯುವ ಸಂಗೀತೋತ್ಸವಕ್ಕೆ ತಪ್ಪದೇ ಹೋಗುತ್ತೇನೆ. ಮಗಳು ನನ್ನ ಫೋನಿಗೆ ಒಂದು ಸ್ಟ್ರಿಂಗ್ ಕ್ವಾರ್ಟೆಟ್ ಆಲ್ಬಂ, ಅಂದ್ರೆ ನಾಲ್ವರು ಸೇರಿ ತಂತಿವಾದ್ಯ ನುಡಿಸುವ ಪಾಶ್ಚಾತ್ಯ ಸಂಗೀತ, ಹಾಕಿಕೊಟ್ಟಿದ್ದಾಳೆ. ಹೈಡನ್‌ನ ‘ಎಂಪರರ್’, ದ್ವೋರ್ಜಾಕ್‌ನ ‘ಅಮೆರಿಕನ್’, ರವೆಲ್‌ನದೊಂದು, ಶೋಸ್ತಕೋವಿಚ್‌ನ ಎಂಟನೆಯದು ಇವೆ. ನನಗೆ ಕೇಳಿಸೋದು ಬರೀ ಪಿಟೀಲಿನ ಕೀರಲು ದನಿ. ಒಂದಕ್ಕೊಂದು ಸಂಬಂಧವಿಲ್ಲ, ಶ್ರುತಿ ಇಲ್ಲ, ಮೃದಂಗ ಇಲ್ಲ. ಹೇಗೆ ಕೇಳಬೇಕು? ನೇರವಾಗಿ ಎಲ್ಲಾದರೂ ಕೇಳಬಹುದಾ?

ಉತ್ತರ: ಮೊದಲು ಇಯರ್‌ಫೋನ್ ಹಾಕಿಕೊಳ್ಳಿ ಸರ್. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ನಾಲ್ವರಲ್ಲಿ ಇಬ್ಬರದು ಪಿಟೀಲು, ಒಬ್ಬರದು ಅದಕ್ಕಿಂತ ಸ್ವಲ್ಪ ದೊಡ್ಡ ವಿಯೋಲಾ, ಇನ್ನೊಬ್ಬರದು ನೆಲಕ್ಕೂರಿ ನುಡಿಸುವ ಚೆಲ್ಲೋ. ಚೆಲ್ಲೋದ ದಪ್ಪ ತಂತಿಯ ದನಿ ಸುಮಾರು 65 ಹರ್ಟ್ಜ್. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಹೊರಡಿಸಲು ಆಗುವುದಿಲ್ಲ. ತಳವೇ ಇಲ್ಲದೆ ಮೇಲಿನದಷ್ಟೇ ಕೇಳಿದರೆ ಕೀರಲು ಅನ್ನಿಸದೆ ಇನ್ನೇನು? ಷಫಲ್ ಕೂಡ ಆಫ್ ಮಾಡಿ. ಒಂದೊಂದು ಕೃತಿಗೂ ನಾಲ್ಕೈದು ಭಾಗಗಳಿರುತ್ತವೆ, ಅವು ಕಲಸಿಹೋಗಬಾರದು.

ಕೃತಿಗಳ ನಡುವೆ ಸಂಬಂಧ ಹುಡುಕಬೇಡಿ. ಹೈಡನ್‌ನದು 1797ರದು, ಶೋಸ್ತಕೋವಿಚ್‌ನದು 1960ರದು. ದಿನಕ್ಕೊಂದು ಕೇಳಿ, ಸಾಕು.

ಶುರು ಮಾಡೋದು ‘ಎಂಪರರ್’ನ ಎರಡನೇ ಭಾಗದಿಂದ. ಈ ಧಾಟಿಯೇ ಈಗ ಜರ್ಮನಿಯ ರಾಷ್ಟ್ರಗೀತೆಗಿದೆ. ಫುಟ್‌ಬಾಲ್ ವಿಶ್ವಕಪ್ ನೋಡುವವರಾದರೆ ಕೇಳಿಯೇ ಇರುತ್ತೀರಿ. ಮೊದಲ ಸಲ ಅದು ಮೊದಲನೇ ಪಿಟೀಲಿನಲ್ಲಿ ಬರುತ್ತದೆ. ಆಮೇಲೆ ಇಬ್ಬರೇ ಉಳಿಯುತ್ತಾರೆ. ಎರಡನೇ ಪಿಟೀಲು ಧಾಟಿ ಹಿಡಿದರೆ, ಮೊದಲನೆಯದು ಮೇಲೆ ಸಣ್ಣಸಣ್ಣ ಸ್ವರಗಳಲ್ಲಿ ಓಡಾಡುತ್ತದೆ. ಮುಂದೆ ಧಾಟಿ ಚೆಲ್ಲೋಗೆ, ಆಮೇಲೆ ವಿಯೋಲಾಗೆ, ಕೊನೆಗೆ ಮತ್ತೆ ಮೊದಲನೇ ಪಿಟೀಲಿಗೆ. ನಮ್ಮಲ್ಲಿ ಪಲ್ಲವಿಗೆ ಸಂಗತಿ ಹಾಕಿದಂತೆಲ್ಲ ಸಾಲೇ ಬೆಳೆಯುತ್ತದೆ, ಅಲ್ವಾ? ಇಲ್ಲಿ ಸಾಲು ಹಾಗೇ ಇರುತ್ತದೆ, ಸುತ್ತಲಿನದು ಬದಲಾಗುತ್ತದೆ. ಅದಕ್ಕೇ ಧಾಟಿ ನುಡಿಸುವವರನ್ನು ಬಿಟ್ಟು ಉಳಿದವರು ಏನು ಮಾಡ್ತಿದ್ದಾರೆ ಅಂತ ಕಿವಿಗೊಡಿ. ಇಡೀ ಆಲ್ಬಮ್ಮನ್ನು ಹೀಗೆ ಕೇಳಬಹುದು.

ಶ್ರುತಿ ಇಲ್ಲ ಅನ್ನೋದು ನಿಜ. ತಂಬೂರಿ ಹಿಡಿದಿಟ್ಟ ಷಡ್ಜ ಇಲ್ಲಿಲ್ಲ, ಆಧಾರ ಸ್ವರವೇ ಜಾಗ ಬದಲಿಸುತ್ತದೆ. ಮೊದಮೊದಲು ಕಾಲು ಜಾರಿದಂತೆ ಅನ್ನಿಸುತ್ತದೆ. ದ್ವೋರ್ಜಾಕ್‌ನಲ್ಲಿ ಈ ಕಷ್ಟ ಕಡಿಮೆ. 1893ರ ಬೇಸಿಗೆಯಲ್ಲಿ ಅಮೆರಿಕದ ಅಯೋವಾ ರಾಜ್ಯದ ಸ್ಪಿಲ್‌ವಿಲ್ ಎಂಬ ಹಳ್ಳಿಯಲ್ಲಿ ಬರೆದದ್ದು. ಶುರುವಿನಲ್ಲೇ ವಿಯೋಲಾ ಐದೇ ಸ್ವರಗಳ ಧಾಟಿ ಎತ್ತುತ್ತದೆ. ನಿಮ್ಮ ಕಿವಿಗೆ ಅದು ಥಟ್ಟನೆ ಮೋಹನ ರಾಗ!

ಮೃದಂಗ ಬೇಕೆನಿಸಿದಾಗ ರವೆಲ್‌ನ ಎರಡನೇ ಭಾಗ ಹಾಕಿ. ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ. ಆರು ಮಾತ್ರೆಯನ್ನು ಒಬ್ಬರು ಮೂರು-ಮೂರಾಗಿ, ಇನ್ನೊಬ್ಬರು ಎರಡೆರಡಾಗಿ ಒಡೆಯುತ್ತಾರೆ. ತಾಳ ಹಾಕಿ ನೋಡಿ, ಮಜಾ ಇರುತ್ತದೆ.

ಶೋಸ್ತಕೋವಿಚ್ ಕೊನೆಗಿರಲಿ. ಮೂರೇ ದಿನದಲ್ಲಿ ಬರೆದ ಕೃತಿ, ಐದು ಭಾಗ, ನಡುವೆ ನಿಲುಗಡೆ ಇಲ್ಲ. ಪಾಶ್ಚಾತ್ಯರಲ್ಲಿ ಸ್ವರಗಳಿಗೆ ಅಕ್ಷರಗಳೇ ಹೆಸರು; ಚೆಲ್ಲೋ ಎತ್ತುವ ಮೊದಲ ನಾಲ್ಕು ಸ್ವರಗಳು ಅವನ ಹೆಸರಿನ ಅಕ್ಷರಗಳೇ. ಕೃತಿಯುದ್ದಕ್ಕೂ ಮತ್ತೆ ಮತ್ತೆ ಬರುತ್ತವೆ. ನಾಲ್ಕನೇ ಭಾಗದಲ್ಲಿ ಬಾಗಿಲು ಬಡಿದಂತೆ ಜೋರಾಗಿ ಮೂರು ಹೊಡೆತಗಳಿವೆ. ವಾಲ್ಯೂಮ್ ನೋಡಿಕೊಳ್ಳಿ.

ನೇರವಾಗಿ ಕೇಳಲು ಬೆಂಗಳೂರಿಗೇ ಹೋಗಬೇಕು. ಆರ್.ಟಿ. ನಗರದಲ್ಲಿರುವ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ವಿಚಾರಿಸಿ. ಒಂದೇ ಒಂದು ಎಚ್ಚರಿಕೆ: ಭಾಗಗಳ ಮಧ್ಯೆ ಚಪ್ಪಾಳೆ ತಟ್ಟುವ ರೂಢಿ ಅಲ್ಲಿಲ್ಲ, ‘ಭಲೇ’ ಅನ್ನೋದಂತೂ ಇಲ್ಲವೇ ಇಲ್ಲ. ನಾಲ್ವರೂ ಎದ್ದು ನಿಂತ ಮೇಲೆ ಎಷ್ಟು ಬೇಕಾದರೂ ತಟ್ಟಿ.